ಎರೆ ನೆಲದ ಮೈದಾನ, ಒಂದು ಸ್ಟಾಪ್‌ವಾಚ್, ಮೂವತ್ತು ವರ್ಷ

ಪ್ರಶ್ನೆ: ಸರ್, ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ವಯಸ್ಸು 27, ಬಿ.ಪಿ.ಎಡ್. ಆಗಿದೆ. ದಿನಾ 28 ಮಕ್ಕಳಿಗೆ ಅಥ್ಲೆಟಿಕ್ಸ್ ಕಲಿಸುತ್ತಿದ್ದೇನೆ. ಮೈದಾನ ಎರೆ ನೆಲ, ಕೈಯಲ್ಲಿರುವುದು ಒಂದು ಸ್ಟಾಪ್‌ವಾಚ್. ಜೀವನಪೂರ್ತಿ ಕೋಚ್ ಆಗಿಯೇ ಇರಬೇಕೆಂಬ ಆಸೆ. ಹೆಸರು ಮಾಡಿದ ಕೋಚ್‌ಗಳ ಜೀವನ ಹೇಗೆ ನಡೆದಿರುತ್ತದೆ, ನಾನು ಎಲ್ಲಿಂದ ಶುರು ಮಾಡಬೇಕು? ಇನ್ನೊಂದು ಮಾತು. 13 ವರ್ಷದ ಹುಡುಗಿಯೊಬ್ಬಳು 400 ಮೀಟರನ್ನು 66 ಸೆಕೆಂಡಿನಲ್ಲಿ ಓಡುತ್ತಾಳೆ. ಬಹುಮಾನದ ದುಡ್ಡು ಇರುವ 5, 10 ಕಿ.ಮೀ. ಓಟಗಳಿಗೆ ಕಳಿಸಿರಿ ಅಂತ ಊರವರು, ಕ್ರೀಡಾ ಹಾಸ್ಟೆಲ್‌ಗೆ ಹಾಕಿರಿ ಅಂತ ಇನ್ನು ಕೆಲವರು. ಏನು ಮಾಡಲಿ?

ಉತ್ತರ: ಮಾಸ್ತರೇ, ಎಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಕೊನೆಗೆ ‘ಇನ್ನೊಂದು ಮಾತು’ ಅಂತ ಬರೆದಿದ್ದೀರಿ. ನೀವು ಎಂಥ ಕೋಚ್ ಆಗುತ್ತೀರಿ ಅನ್ನುವುದು ಆ ಹುಡುಗಿಯ ವಿಷಯದಲ್ಲಿ ಇನ್ನೆರಡು ವರ್ಷ ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಹೆಸರು ಮಾಡಿದವರ ಜೀವನ ತೆಗೆದು ನೋಡಿದರೂ ಕಾಣುವುದು ಇದೇ.

ಪಿ.ಟಿ. ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ಅವರನ್ನೇ ತಗೊಳ್ಳಿ. ವಾಯುಪಡೆಯಲ್ಲಿ ಕೆಲಸ ಮಾಡಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಕಲಿತು ಕೇರಳಕ್ಕೆ ಮರಳಿದವರು. 1976ರಲ್ಲಿ ಕಣ್ಣೂರಿನಲ್ಲಿ ಹುಡುಗಿಯರ ಕ್ರೀಡಾ ವಿಭಾಗ ಶುರುವಾದಾಗ ಸೇರಿದ ಮಕ್ಕಳಲ್ಲಿ ಪಿ.ಟಿ. ಉಷಾ ಒಬ್ಬರು. ಆಗ ಆಕೆಗೆ 12 ವರ್ಷ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್‌ಗಳಲ್ಲಿ ಬೆಳ್ಳಿ ಬಂತು. 1983ರಲ್ಲಿ ಕುವೈತಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರ್ ಚಿನ್ನ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಸಲ ಸೇರಿದಾಗ ಆಕೆ 55.42 ಸೆಕೆಂಡಿನಲ್ಲಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ, ಒಂದು ಕಂಚು. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೂ 1985ರಲ್ಲೇ, ಮೊದಲ ಪಟ್ಟಿಯಲ್ಲೇ ನಂಬಿಯಾರ್ ಹೆಸರಿತ್ತು. ಪದ್ಮಶ್ರೀ ಬಂದದ್ದು 2021ರಲ್ಲಿ, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಇಲ್ಲಿ ಪದಕ ಎಣಿಸಬೇಡಿ, ವರ್ಷ ಎಣಿಸಿರಿ. 12ನೇ ವಯಸ್ಸಿಗೆ ಕೈಗೆ ಬಂದ ಹುಡುಗಿ ಒಲಿಂಪಿಕ್ಸ್ ಫೈನಲ್‌ನಲ್ಲಿ ನಿಂತಾಗ 20 ವರ್ಷ. ಮೊದಲು 100, 200. ಆ ವೇಗ ಕಾಲಿಗೆ ಬಂದ ಮೇಲೆ 400. ಹರ್ಡಲ್ಸ್ ಎಲ್ಲಕ್ಕೂ ಕೊನೆಗೆ. ಚಿಕ್ಕ ಓಟದಿಂದ ದೊಡ್ಡ ಓಟಕ್ಕೆ ಹೋದ ಈ ಕ್ರಮ ನೆನಪಿರಲಿ. ನಿಮ್ಮ ಊರವರು ಕೇಳುತ್ತಿರುವುದು ಇದರ ಉಲ್ಟಾ.

ನಮ್ಮ ರಾಜ್ಯದಲ್ಲಿ ಅಥ್ಲೆಟಿಕ್ಸ್ ಕೋಚ್ ಎನ್. ಲಿಂಗಪ್ಪನವರಿಗೆ ಜೀವಮಾನದ ಸಾಧನೆಗಾಗಿ ದ್ರೋಣಾಚಾರ್ಯ ಬಂದದ್ದು 2014ರಲ್ಲಿ, ಬದುಕಿನ ಮುಸ್ಸಂಜೆಯಲ್ಲಿ. ಅಶ್ವಿನಿ ನಾಚಪ್ಪ, ವಂದನಾ ರಾವ್ ಅಂಥವರನ್ನು ತಯಾರು ಮಾಡಿದ ಪುರುಷೋತ್ತಮ ರೈ ಅವರ ಹೆಸರು 2020ರ ಪಟ್ಟಿಯಲ್ಲಿತ್ತು. ಪ್ರಶಸ್ತಿ ಪ್ರದಾನ ಆಗಸ್ಟ್ 29ಕ್ಕೆ. ಹಿಂದಿನ ದಿನವೇ ಹೃದಯಾಘಾತದಿಂದ ಹೋಗಿಬಿಟ್ಟರು, 79ನೇ ವಯಸ್ಸಿನಲ್ಲಿ. ಅಶ್ವಿನಿ, ವಂದನಾ ಓಡುತ್ತಿದ್ದದ್ದು 1980ರ ದಶಕದಲ್ಲಿ ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೆದರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಈ ಕಸುಬಿನಲ್ಲಿ ಲೆಕ್ಕ ಚುಕ್ತಾ ಆಗುವುದು ಬಹಳ ತಡವಾಗಿ, ಹಲವರಿಗೆ ಆಗುವುದೇ ಇಲ್ಲ. ಅದು ತಿಳಿದೇ ಇಳಿಯಬೇಕು. ನಿಮ್ಮಂಥ ಮೊದಲ ಕೋಚ್‌ಗಂತೂ ಇನ್ನೂ ಕಠಿಣ. ಒಳ್ಳೆಯ ಮಗು ತಯಾರಾಗುವ ಹೊತ್ತಿಗೆ ಹಾಸ್ಟೆಲ್‌ಗೋ ಸೈನ್ಯದ ಕ್ರೀಡಾ ಕಂಪನಿಗೋ ಹೋಗಿರುತ್ತದೆ, ಪೇಪರಿನಲ್ಲಿ ಬರುವುದು ಕೊನೆಯ ಕೋಚ್‌ನ ಹೆಸರು. ಮೊದಲ ಕೋಚ್‌ನ ಕೆಲಸ ಒಂದೇ: ಮಗುವನ್ನು ಮುರಿಯದೆ ಮುಂದಿನವರ ಕೈಗೆ ಒಪ್ಪಿಸುವುದು. ಆ ಒಂದು ಕೆಲಸ ಸರಿಯಾಗಿ ಮಾಡಲಿಕ್ಕೆ ಏನೇನು ಬೇಕು ಅನ್ನುವುದನ್ನು ಈಗ ನೋಡೋಣ.

ಮೊದಲು ಆ 66 ಸೆಕೆಂಡು ನಿಜವೇ? ಮೈದಾನವನ್ನು ಹೆಜ್ಜೆ ಲೆಕ್ಕದಲ್ಲಿ ಅಳೆದಿದ್ದರೆ, ಇಲ್ಲವೇ ಎಳೆದರೆ ಉದ್ದವಾಗುವ ಬಟ್ಟೆ ಟೇಪಿನಲ್ಲಿ ಅಳೆದಿದ್ದರೆ ಒಂದು ಸುತ್ತಿಗೆ 5 ಮೀಟರ್ ಕಮ್ಮಿ ಬೀಳುವುದು ದೊಡ್ಡ ಮಾತಲ್ಲ. ಎರಡು ಸುತ್ತಿಗೆ 10 ಮೀಟರ್ ಆಯಿತು. ಆ ವೇಗದಲ್ಲಿ 10 ಮೀಟರ್ ಅಂದರೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಸೆಕೆಂಡು. ತಪ್ಪು ಮೈದಾನದಲ್ಲಿ ಬಂದ ಟೈಮಿಂಗ್ ಇಟ್ಟುಕೊಂಡು ಮಗುವಿಗೆ ಆಸೆ ಹುಟ್ಟಿಸಿ ಜಿಲ್ಲಾ ಮಟ್ಟಕ್ಕೆ ಕರೆದೊಯ್ದರೆ ಅಲ್ಲಿ ಆಕೆ ಸೋಲುವುದಿಲ್ಲ, ನಿಮ್ಮ ಟೇಪು ಸೋಲುತ್ತದೆ. ಅಳುವುದು ಮಾತ್ರ ಆಕೆ.

400 ಮೀಟರ್ ಟ್ರ್ಯಾಕ್‌ಗೆ ಹಳ್ಳಿ ಶಾಲೆಯಲ್ಲಿ ಜಾಗ ಸಿಗುವುದಿಲ್ಲ. ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕ್ ಮಾಡಿಕೊಳ್ಳಿ. ಇದಕ್ಕೆ ಬೇಕಾದದ್ದು 88.81 ಮೀಟರ್ ಉದ್ದ, 45.36 ಮೀಟರ್ ಅಗಲ, ಅಂದರೆ ಸುಮಾರು ಒಂದು ಎಕರೆ. ಸುತ್ತ ಓಡಾಡಲು ಜಾಗ ಬಿಟ್ಟರೆ ಒಂದೂಕಾಲು ಎಕರೆ. ಸಾಮಾನು ಇಷ್ಟೇ: 50 ಮೀಟರಿನ ಸ್ಟೀಲ್ ಟೇಪು, ಆರು ಕಬ್ಬಿಣದ ಗೂಟ, 25 ಮೀಟರ್ ಬೈಂಡಿಂಗ್ ತಂತಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಬರುತ್ತದೆ. ಗುರುತಿಗೆ ಸುಟ್ಟ ಸುಣ್ಣ ಬಳಸಬೇಡಿ, ಬಿದ್ದ ಮಗುವಿನ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು.

ಮೈದಾನದ ನಡುವೆ ಉದ್ದಕ್ಕೆ ಒಂದು ಗೆರೆ ಹಾಕಿ ಅದರ ಮೇಲೆ 43.45 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಇವು ಎರಡೂ ತಿರುವುಗಳ ಕೇಂದ್ರ. ಒಂದೊಂದು ಗೂಟದಿಂದಲೂ ಎಡಕ್ಕೆ, ಬಲಕ್ಕೆ ಲಂಬವಾಗಿ 17.80 ಮೀಟರ್ ಅಳೆದು ಗೂಟ ಹೊಡೆಯಿರಿ. ಲಂಬ ಹಿಡಿಯುವುದು ಗೌಂಡಿಗಳು ಮನೆಯ ಪಾಯಕ್ಕೆ ಮೂಲೆ ಹಿಡಿಯುವ ಹಾಗೇ: 9, 12, 15 ಮೀಟರಿನ ತ್ರಿಕೋನ. ಈಗ ನಾಲ್ಕು ಮೂಲೆಯ ಒಂದು ಚೌಕಟ್ಟು ಸಿಕ್ಕಿತು. ಅದರ ಎರಡೂ ಕರ್ಣ ಅಳೆಯಿರಿ. ಎರಡೂ 56.17 ಮೀಟರ್ ಬರಬೇಕು. 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಹೋಗಬೇಡಿ, ಗೂಟ ಕಿತ್ತು ಮತ್ತೆ ಹೊಡೆಯಿರಿ. ಕರ್ಣ ಸರಿ ಬಂದ ಮೇಲೆ ಕೇಂದ್ರದ ಗೂಟಕ್ಕೆ ತಂತಿ ಸುತ್ತಿ 17.80 ಮೀಟರಿನ ಅರ್ಧವೃತ್ತ ಎಳೆಯಿರಿ. ಅದೇ ಒಳಗೆರೆ. ಅಲ್ಲಿಂದ ಹೊರಕ್ಕೆ 1.22 ಮೀಟರಿಗೊಂದು ಲೇನು.

ಒಳಗೆರೆಯ ಅಳತೆ 200 ಮೀಟರ್ ಬರುವುದಿಲ್ಲವಲ್ಲ ಅಂತ ನಿಮಗೆ ಅನಿಸಬಹುದು. ಬರಬಾರದು. ಗೆರೆಯ ಮೇಲೆ ಯಾರೂ ಓಡುವುದಿಲ್ಲ. ಕಟ್ಟೆ ಇಲ್ಲದ, ಬರೀ ಗೆರೆಯ ಟ್ರ್ಯಾಕ್‌ನಲ್ಲಿ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು ಅನ್ನುವುದು ನಿಯಮ. ಅಂದರೆ 18 ಮೀಟರ್ ತ್ರಿಜ್ಯ. ಎರಡು ತಿರುವು ಸೇರಿ 113.10, ಎರಡು ನೇರ ಸೇರಿ 86.90, ಒಟ್ಟು 200. ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವರು 7.67 ಮೀಟರ್, ಮೂರನೆಯವರು 15.33, ನಾಲ್ಕನೆಯವರು 23 ಮೀಟರ್ ಮುಂದೆ ನಿಲ್ಲಬೇಕು. ಮೊದಲ ಲೇನಿನದೂ ಸೇರಿ ಈ ನಾಲ್ಕು ಗುರುತುಗಳಲ್ಲಿ ಶಹಾಬಾದ್ ಫರಸಿಯ ತುಂಡನ್ನು ನೆಲಮಟ್ಟಕ್ಕೆ ಹುಗಿದು ಬಣ್ಣ ಹಚ್ಚಿಬಿಡಿ. ಕೇಂದ್ರದ ಗೂಟಗಳ ಜಾಗದಲ್ಲೂ ಹಾಗೇ. ಪ್ರತಿ ಮಳೆಗಾಲದ ನಂತರ ಮತ್ತೆ ಮೊದಲಿನಿಂದ ಅಳೆಯುವ ಕೆಲಸ ತಪ್ಪುತ್ತದೆ.

ಇನ್ನು ನೆಲ. ಎರೆ ನೆಲ ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕಲ್ಲಿನಂತಾಗಿ ಪಾದ ಹೋಗುವಷ್ಟು ಬಿರಿಯುತ್ತದೆ. ಪೂರ್ತಿ ಟ್ರ್ಯಾಕ್‌ಗೆ ಮುರುಮ್ (ಗರಸು ಮಣ್ಣು) ಹಾಕಿಸಲು ದುಡ್ಡು ಇರುವುದಿಲ್ಲ. ಒಂದು ಬದಿಯ ನೇರವನ್ನು ಎರಡೂ ಕಡೆ ಮುಂದುವರಿಸಿ 80 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿಗೆ ಮಾತ್ರ ಹಾಕಿಸಿರಿ. 3 ಮೀಟರ್ ಹಿಂದೆ, 60 ಮೀಟರ್ ಓಟ, ಮುಂದೆ ನಿಲ್ಲಲು 17 ಮೀಟರ್. 14 ವರ್ಷದೊಳಗಿನವರಿಗೆ 60 ಮೀಟರ್ ಸಾಕು. ಗಟ್ಟಿಯಾದ ಮೇಲೆ 10 ಸೆಂಟಿಮೀಟರ್ ದಪ್ಪ ಉಳಿಯಬೇಕೆಂದರೆ 18ರಿಂದ 19 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಮುರುಮ್ ಬೇಕು. ಒಮ್ಮೆಲೇ ಸುರಿಯದೆ ಎರಡು ಪದರ ಮಾಡಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಿರಿ. ಮೇಲಿನ ಪದರದ್ದನ್ನು ಜರಡಿ ಹಿಡಿದಿರಬೇಕು, ಬಟಾಣಿಗಿಂತ ದೊಡ್ಡ ಹರಳು ಇರಬಾರದು. ಅಗಲದಲ್ಲಿ ಒಂದು ಬದಿಗೆ 5 ಸೆಂಟಿಮೀಟರ್ ಇಳಿಜಾರು ಕೊಟ್ಟು ಆ ಬದಿಗೆ ಒಂದು ಕಾಲುವೆ ತೋಡಿರಿ. ಉದ್ದಕ್ಕೆ ಇಳಿಜಾರು ಬೇಡ, ಟೈಮಿಂಗ್ ಸುಳ್ಳಾಗುತ್ತದೆ. ಈ ಕೆಲಸವನ್ನು ಬೇಸಿಗೆ ರಜೆಯಲ್ಲಿ ಮಾಡಿಸುವುದೇ ಎಲ್ಲರೂ ಮಾಡುವ ತಪ್ಪು. ಬಿರುಕಿನ ಮೇಲೆ ಹಾಕಿದ ಮುರುಮ್ ಮೊದಲ ಮಳೆಗೆ ಕೆಳಗಿನ ಎರೆ ಉಬ್ಬಿದಾಗ ಒಡೆದುಹೋಗುತ್ತದೆ. ಮಳೆ ನಿಂತು ನೆಲ ಇನ್ನೂ ಹದವಾಗಿರುವ ಅಕ್ಟೋಬರ್ ಕೊನೆ, ನವೆಂಬರ್ ಸರಿಯಾದ ಕಾಲ. ಬೀದರ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಉಬ್ಬುವ ತ್ರಾಸಿಲ್ಲ, ಅಲ್ಲಿನ ಮಾಸ್ತರರ ತ್ರಾಸು ಹರಳಿನದು. ಬರಿಗಾಲಲ್ಲಿ ಓಡುವ ಮಕ್ಕಳಿರುವ ಕಡೆ ದಿನಾ ಐದು ನಿಮಿಷ ಸಾಲಾಗಿ ನಿಂತು ಹರಳು ಆರಿಸುವುದನ್ನೇ ವಾರ್ಮಪ್‌ನ ಮೊದಲ ಭಾಗ ಮಾಡಿಕೊಳ್ಳಬೇಕು.

ಉದ್ದ ಜಿಗಿತದ ಗುಂಡಿಗೆ ಹೆಚ್ಚು ಹೇಳುವುದಿಲ್ಲ: ಅಗಲ 2.75 ಮೀಟರ್, ಜಿಗಿಯುವ ಹಲಗೆಯಿಂದ ಗುಂಡಿಯ ತುದಿಗೆ ಕನಿಷ್ಠ 10 ಮೀಟರ್, ಜರಡಿ ಹಿಡಿದ ನದಿ ಮರಳು. ದಿನಾ ಅಗೆದು ನೀರು ಚಿಮುಕಿಸದಿದ್ದರೆ ಮರಳೂ ಸಿಮೆಂಟಿನಷ್ಟೇ ಗಟ್ಟಿ.

ಸ್ಟಾಪ್‌ವಾಚ್ ಒಂದೇ ಇದೆ ಅಂದಿರಿ. ಸರಿಯಾಗಿ ಒತ್ತಿದರೆ ಒಂದೇ ಸಾಕು. ಓಟದ ಕೊನೆಯಲ್ಲಿ ನಿಂತು ‘ಗೋ’ ಕೇಳಿ ಒತ್ತಿದರೆ 100 ಮೀಟರ್ ದಾಟಿ ದನಿ ಬರಲಿಕ್ಕೆ ಸುಮಾರು 0.3 ಸೆಕೆಂಡು ಬೇಕು. ಅಷ್ಟು ಹೊತ್ತು ಮಗು ಪುಕ್ಕಟೆ ಓಡಿರುತ್ತದೆ. ಎರಡು ಹಲಗೆ ತುಂಡಿನ ಕ್ಲ್ಯಾಪರ್ ಮಾಡಿಸಿ ಒಳಮೈಗೆ ಬಿಳಿ ಬಣ್ಣ ಹಚ್ಚಿರಿ. ಹಲಗೆ ಕೂಡುವುದನ್ನು ಕಣ್ಣಿನಲ್ಲಿ ನೋಡಿ ಒತ್ತಬೇಕು, ಕಿವಿ ನಂಬಬಾರದು. ಗೆರೆಯಲ್ಲಿ ನೋಡಬೇಕಾದದ್ದು ಎದೆ. ತಲೆಯಲ್ಲ, ಚಾಚಿದ ಕೈಯಲ್ಲ. ಬಂದ ಅಂಕಿಯನ್ನು ಮೇಲಿನ ಹತ್ತನೇ ಭಾಗಕ್ಕೆ ಏರಿಸಿ: 12.31 ಬಂದರೆ 12.4 ಅಂತ ಬರೆಯಬೇಕು, 12.3 ಅಂತಲ್ಲ. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕೂಟಕ್ಕೆ ಹೋಲಿಸುವಾಗ 100, 200 ಮೀಟರ್‌ಗೆ 0.24, 400ಕ್ಕೆ 0.14 ಸೇರಿಸಿರಿ. ನಿಮ್ಮ ಹುಡುಗಿಯ 66.0 ಅಲ್ಲಿ 66.14. ಹೀಗೆ ಲೆಕ್ಕ ಹಾಕುವ ಕೋಚ್‌ನ ಮಕ್ಕಳು ಜಿಲ್ಲಾ ಕೂಟದಲ್ಲಿ ಗಾಬರಿಯಾಗುವುದಿಲ್ಲ, ತಮ್ಮ ಟೈಮಿಂಗ್ ಎಷ್ಟು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಇವೆಲ್ಲ ಬರೆಯಲಿಕ್ಕೆ ಒಂದು ರಿಜಿಸ್ಟರ್ ಬೇಕು. ಹಳೆಯ ಕೋಚ್‌ನ ನಿಜವಾದ ಆಸ್ತಿ ಅಂದರೆ ಇದೇ, ಟ್ರೋಫಿಯ ಕಪಾಟಲ್ಲ. ಮಗುವಿಗೊಂದು ಪುಟ. ತಾರೀಖು, ಏನು ಓಡಿಸಿದಿರಿ, ಎಷ್ಟು ವಿಶ್ರಾಂತಿ ಕೊಟ್ಟಿರಿ, ಟೈಮಿಂಗ್ ಎಷ್ಟು, ಎಲ್ಲಿ ನೋವು. ಹುಡುಗಿಯರ ಮುಟ್ಟಿನ ದಿನಗಳನ್ನು ಶಿಕ್ಷಕಿಯೊಬ್ಬರು ಬೇರೆ ಪುಸ್ತಕದಲ್ಲಿ ಇಡಲಿ. ಮತ್ತೆ ಮೂರು ತಿಂಗಳಿಗೊಮ್ಮೆ ಎತ್ತರ. ಈ ಎತ್ತರದ ಅಳತೆಯನ್ನು ನಮ್ಮ ಕಡೆ ಬಹುತೇಕ ಯಾರೂ ಇಡುವುದಿಲ್ಲ, ಮಕ್ಕಳು ಮುರಿಯುವುದು ಹೆಚ್ಚಾಗಿ ಅಲ್ಲೇ.

ಹೇಗೆ ಅಂತ ಕೇಳಿ. ಶಾಲೆಯ ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ ತಾಗಿಸಿ ನಿಲ್ಲಿಸಿ ತಲೆಯ ಮೇಲೆ ಪಟ್ಟಿ ಇಟ್ಟು ಪೆನ್ಸಿಲ್ ಗುರುತು ಹಾಕಿರಿ. ಸಾಮಾನ್ಯವಾಗಿ ಮೂರು ತಿಂಗಳಿಗೆ ಒಂದು, ಒಂದೂವರೆ ಸೆಂಟಿಮೀಟರ್ ಏರುವ ಗುರುತು ಒಮ್ಮೆ ಎರಡು, ಎರಡೂವರೆ ಏರುತ್ತದೆ. ಹುಡುಗಿಯರಿಗೆ ಹೆಚ್ಚಾಗಿ 11-12ಕ್ಕೆ, ಹುಡುಗರಿಗೆ 13-14ಕ್ಕೆ. ಆಗ ಎಲುಬು ಮುಂದೆ ಓಡಿರುತ್ತದೆ, ಸ್ನಾಯು ಹಿಂದೆ ಉಳಿದಿರುತ್ತದೆ. ನಿನ್ನೆವರೆಗೆ ಚೆಂದ ಓಡುತ್ತಿದ್ದ ಮಗು ಇವತ್ತು ಕಾಲು ತೊಡರಿಸಿಕೊಳ್ಳುತ್ತದೆ. ಮೊಣಕಾಲ ಚಿಪ್ಪಿನ ಕೆಳಗಿನ ಗಂಟು ಮುಟ್ಟಿದರೆ ನೋವು, ಹಿಮ್ಮಡಿ ಒತ್ತಿದರೆ ನೋವು. ‘ಮೈಗಳ್ಳತನ’ ಅಂತ ಬೈದು ಇನ್ನೆರಡು ಸುತ್ತು ಓಡಿಸುವ ಮಾಸ್ತರರು ಇದ್ದಾರೆ. ಆ ತಿಂಗಳುಗಳಲ್ಲಿ ಮಾಡಬೇಕಾದದ್ದು ಜಿಗಿತ, ಮೆಟ್ಟಿಲು ಹತ್ತಿಸುವುದನ್ನು ಅರ್ಧಕ್ಕಿಳಿಸಿ ಓಟದ ಭಂಗಿ, ಕೈ ಬೀಸುವುದು, ಬ್ಯಾಟನ್ ಬದಲಾವಣೆ ಇಂಥ ಹಗುರ ಕೆಲಸ ಕೊಡುವುದು. ಟೈಮಿಂಗ್ ಇಳಿಯದಿದ್ದರೆ ಇಳಿಯದಿರಲಿ.

ಎರೆ ನೆಲದ ಮೈದಾನಗಳಲ್ಲಿ ಇನ್ನೊಂದು ಮಾಮೂಲು ಪೆಟ್ಟು ಮೊಣಕಾಲ ಕೆಳಗಿನ ಮುಂಗಾಲು ನೋವು. ಅದರಲ್ಲಿ ಎರಡು ನಮೂನೆ, ವ್ಯತ್ಯಾಸ ಹೆಬ್ಬೆರಳಿಗೆ ತಿಳಿಯುತ್ತದೆ. ಮಗುವನ್ನು ಕೂರಿಸಿ, ಮುಂಗಾಲ ಎಲುಬಿನ ಒಳಅಂಚನ್ನು ಕಣಕಾಲಿನಿಂದ ಮೇಲಕ್ಕೆ ಒತ್ತುತ್ತಾ ಹೋಗಿರಿ. ನಾಲ್ಕು ಬೆರಳಗಲದುದ್ದಕ್ಕೂ ಒಂದೇ ಸಮ ನೋವಿದ್ದರೆ ಎಲುಬಿನ ಹೊದಿಕೆಯ ಊತ. ಹತ್ತು ದಿನದಿಂದ ಎರಡು ವಾರ ಓಟ ಬಿಡಿಸಿ, ತಣ್ಣೀರು ಪಟ್ಟಿ ಹಾಕಿಸಿ, ಗಟ್ಟಿ ನೆಲ ತಪ್ಪಿಸಿದರೆ ಬಹಳಷ್ಟು ಸಲ ಇಳಿಯುತ್ತದೆ. ಒಂದೇ ಚುಕ್ಕೆಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ ‘ಅಯ್ಯೋ’ ಅಂದರೆ, ಆ ಒಂದೇ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬು ಸೀಳಿರಬಹುದು. ಓಟ ಅಲ್ಲಿಗೇ ಬಂದ್, ಎಲುಬಿನ ಡಾಕ್ಟರ ಹತ್ತಿರ. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದಿರಬಹುದು. ‘ಎಕ್ಸ್‌ರೇ ನಾರ್ಮಲ್’ ಅಂತ ಮತ್ತೆ ಮೈದಾನಕ್ಕಿಳಿಸಿ ಪೂರ್ತಿ ಮುರಿಸಿಕೊಂಡ ಪ್ರಕರಣಗಳು ಆಗುವುದು ಹೀಗೇ.

ತರಬೇತಿ ಎಷ್ಟು? 12ರಿಂದ 14 ವರ್ಷದವರಿಗೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು, ಒಂದೂಕಾಲು ತಾಸು. ನೀವು ದಿನಾ ಕಲಿಸುತ್ತೇನೆ ಅಂದಿದ್ದೀರಿ, ಕಮ್ಮಿ ಮಾಡಿರಿ. ಒಂದು ಒಳ್ಳೆಯ ದಿನ ಹೀಗಿರುತ್ತದೆ: 15 ನಿಮಿಷ ಮೈ ಬೆಚ್ಚಗೆ ಮಾಡುವ ಓಡಾಟ, ಮೊಣಕಾಲೆತ್ತುವ ಓಟ, ಆಮೇಲೆ 30 ಮೀಟರ್ ಪೂರ್ತಿ ವೇಗದಲ್ಲಿ ಆರು ಸಲ, ಹಲಗೆಯಿಂದ ಸಣ್ಣ ಜಿಗಿತ, ಒಂದು ಕೆ.ಜಿ. ಚೆಂಡು ಎಸೆತ, ಕೊನೆಗೆ ಒಂದು ಆಟ, ಖೋ ಖೋ ಆದರೆ ಬಹಳ ಚಲೋ. ಪೂರ್ತಿ ವೇಗದ ಓಟದಲ್ಲಿ ಪ್ರತಿ 10 ಮೀಟರಿಗೆ ಒಂದು ನಿಮಿಷ ವಿಶ್ರಾಂತಿ, ಅಂದರೆ 30 ಮೀಟರಿಗೆ ಮೂರು ನಿಮಿಷ. ಇದು ಹೊಸಬರಿಗೆ ಸೋಮಾರಿತನದ ಹಾಗೆ ಕಾಣುತ್ತದೆ. ಅವಸರ ಮಾಡಿ 30 ಸೆಕೆಂಡಿಗೆ ಮತ್ತೆ ಓಡಿಸಿದರೆ ಮಗು ಕಲಿಯುವುದು ವೇಗವನ್ನಲ್ಲ, ಸುಸ್ತಾದಾಗ ಹೇಗೆ ಓಡಬೇಕು ಅನ್ನುವುದನ್ನು. ಯಾವ ಮಗುವನ್ನೂ 15 ವರ್ಷದವರೆಗೆ ‘ನೀನು ಶಾಟ್‌ಪುಟ್, ನೀನು 800’ ಅಂತ ಕಟ್ಟಿಹಾಕಬೇಡಿ. ಅಂತರ ಜಿಲ್ಲಾ ರಾಷ್ಟ್ರೀಯ ಜೂನಿಯರ್ ಕೂಟದಲ್ಲಿ 14ರ ಒಳಗಿನವರಿಗೆ ಓಟ, ಜಿಗಿತ, ಎಸೆತ ಕೂಡಿಸಿ ಟ್ರಯಥ್ಲಾನ್ ಇಟ್ಟಿರುವುದೂ ಇದಕ್ಕೇ.

ನಮ್ಮ ಬೇಸಿಗೆಯ ಬಗ್ಗೆ ನಿಮಗೆ ಹೇಳಬೇಕಿಲ್ಲ. ಏಪ್ರಿಲ್, ಮೇನಲ್ಲಿ 42-43 ಡಿಗ್ರಿ ಮಾಮೂಲು, ಸಂಜೆ ಆರಕ್ಕೂ ಕರಿನೆಲ ಕಾವು ಉಗುಳುತ್ತಿರುತ್ತದೆ. ಆ ಎರಡು ತಿಂಗಳು ಬೆಳಿಗ್ಗೆ ಪೌಣೇ ಆರರಿಂದ ಏಳರೊಳಗೆ ಮುಗಿಸಿರಿ, ಸಂಜೆ ಬೇಡ. ತರಬೇತಿಗೆ ಮುಂಚೆ, ಆಮೇಲೆ ತೂಕ ನೋಡಿ, 40 ಕೆ.ಜಿ. ಮಗು 800 ಗ್ರಾಂ ಇಳಿದಿದ್ದರೆ ನೀರು ಸಾಲದು ಅಂತ ಅರ್ಥ. ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಮಗು ತಡವರಿಸಿ ಮಾತಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ ಕುಡಿಸುತ್ತಾ ಕೂರಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ಕೊಡಗಟ್ಟಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿರಿ, ಜತೆಗೇ 108ಕ್ಕೆ ಫೋನು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಊಟಕ್ಕೆ ಡಬ್ಬಿ ಪೌಡರ್ ಯಾವುದೂ ಬೇಡ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಶಾಲೆಯಲ್ಲಿ ಕೊಡುವ ಮೊಟ್ಟೆ, ಮಜ್ಜಿಗೆ. ಕೊರತೆ ಬೀಳುವುದು ಬಗೆಯಲ್ಲಲ್ಲ, ಪ್ರಮಾಣದಲ್ಲಿ, ಅದರಲ್ಲೂ ಹುಡುಗಿಯರಿಗೆ. ಕೊನೆಯ 100 ಮೀಟರಿನಲ್ಲಿ ಏಕಾಏಕಿ ಕಾಲು ಸೋಲುವ ಹುಡುಗಿಗೆ ಹೆಚ್ಚು ಓಡಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಮಾಡಿಸಿರಿ. 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಅದಕ್ಕೆ ಡಾಕ್ಟರ ಮಾತಿನಂತೆ ಚಿಕಿತ್ಸೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಗುಳಿಗೆಯನ್ನು ಊಟದ ಮೇಲೆ ನುಂಗಿಸಿರಿ, ಚಹದ ಜೊತೆಗಲ್ಲ.

ಈ ಭಾಗದ ಕೋಚ್‌ಗೆ ಪುಸ್ತಕದಲ್ಲಿಲ್ಲದ ಎರಡು ಕೆಲಸ ಇರುತ್ತವೆ. ಒಂದು, ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವ ಮನೆಗಳ ಮಕ್ಕಳು ತಂದೆತಾಯಿ ಜೊತೆ ಹೊರಟುಬಿಡುತ್ತಾರೆ. ಯಾರ ಮನೆಯವರು ಹೋಗುತ್ತಾರೆ ಅಂತ ದೀಪಾವಳಿಗೇ ಕೇಳಿ ಬರೆದಿಟ್ಟುಕೊಳ್ಳಿ. ಅಜ್ಜಿ ಮನೆಯೋ, ಹಾಸ್ಟೆಲ್ಲೋ ಒಂದು ವ್ಯವಸ್ಥೆಗೆ ಆಗ ಹೊತ್ತಿರುತ್ತದೆ, ಜನವರಿಯಲ್ಲಿ ಇರುವುದಿಲ್ಲ. ಮರಳಿ ಬಂದ ಮಗುವನ್ನು ಬಿಟ್ಟ ಕಡೆಯಿಂದ ಶುರು ಮಾಡಿಸಬೇಡಿ, ಅರ್ಧದಿಂದ ಶುರು ಮಾಡಿ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ಏರಿಸಿರಿ. ಎರಡು, ಮದುವೆ. ಎಸ್ಸೆಸ್ಸೆಲ್ಸಿ ಆಗುತ್ತಲೇ ಮೈದಾನದಿಂದ ಕಾಣೆಯಾಗುವ ಹುಡುಗಿಯರ ಮನೆಗೆ ಹೋಗಿ ಮಾತಾಡುವುದೂ ಕೋಚಿಂಗ್‌ನ ಒಂದು ಭಾಗ. ತಾಯಿ, ಅಜ್ಜಿ ಜೊತೆ ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನೆಯವರ ನಂಬಿಕೆ ಉಳಿಯಬೇಕೆಂದರೆ ನಿಮ್ಮ ನಡೆ ಪಾರದರ್ಶಕವಾಗಿರಬೇಕು. ಹುಡುಗಿಯೊಬ್ಬಳನ್ನೇ ಕರೆದು ತರಬೇತಿ ಕೊಡುವುದು, ಬೈಕ್ ಮೇಲೆ ಕೂರಿಸಿಕೊಂಡು ಕೂಟಕ್ಕೆ ಹೋಗುವುದು, ಮಸಾಜ್ ಮಾಡುವುದು ಇವು ಯಾವ ಕಾರಣಕ್ಕೂ ಇಲ್ಲ. ಊರು ಬಿಟ್ಟು ಹೋಗುವಾಗ ಜೊತೆಗೆ ಶಿಕ್ಷಕಿ ಇರಲೇಬೇಕು.

ನಿಮ್ಮ ಸ್ವಂತ ದಾರಿಯ ಬಗ್ಗೆ. ಬಿ.ಪಿ.ಎಡ್. ನಿಮ್ಮನ್ನು ಶಿಕ್ಷಕ ಮಾಡಿದೆ, ಕೋಚ್ ಮಾಡಿಲ್ಲ. ಮೊದಲು ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿ. ಅಥ್ಲೆಟಿಕ್ಸ್ ಫೆಡರೇಷನ್ ನಡೆಸುವ ಆರಂಭಿಕ ಹಂತದ ಕೋರ್ಸುಗಳೂ ಇವೆ. ಆಮೇಲೆ, ಕೆಲಸಕ್ಕೆ ರಜೆ ಹಾಕಲು ಸಾಧ್ಯವಾದ ವರ್ಷ ಪಟಿಯಾಲದ ಒಂದು ವರ್ಷದ ಡಿಪ್ಲೊಮಾ. ಕ್ರೀಡಾ ಇಲಾಖೆ, ಕ್ರೀಡಾ ಪ್ರಾಧಿಕಾರದ ಕೋಚ್ ಹುದ್ದೆಗಳಿಗೆ ಕೇಳುವುದು ಅದನ್ನೇ. ರಾಜ್ಯ ಸರ್ಕಾರದ ಹುದ್ದೆಗಳಿಗೆ ಅರ್ಜಿ ಹಾಕುವಾಗ ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ ಮರೆಯಬೇಡಿ. ನನ್ನನ್ನು ಕೇಳಿದರೆ, ನಿಮ್ಮ ಶಿಕ್ಷಕ ಕೆಲಸ ಕಾಯಂ ಆಗಿದ್ದರೆ ಅದನ್ನು ಬಿಟ್ಟು ಗುತ್ತಿಗೆಯ ಕೋಚ್ ಹುದ್ದೆಗೆ ಹಾರಬೇಡಿ. ಸಂಬಳ ನಿಂತರೆ ಮೊದಲು ನಿಲ್ಲುವುದು ಬೆಳಗಿನ ತರಬೇತಿ. ಪ್ರೌಢಶಾಲೆಯಲ್ಲಿ ಒಂದು ಮಗು ನಿಮ್ಮ ಕೈಯಲ್ಲಿ ಇರುವುದು ಮೂರು ವರ್ಷ, 60ಕ್ಕೆ ನಿವೃತ್ತಿ ಅಂದರೆ ಇನ್ನೂ 33 ವರ್ಷ, ಅಂದರೆ ಹನ್ನೊಂದು ತಂಡ. ನಡುವೆ ವರ್ಗಾವಣೆಯಾಗುತ್ತದೆ. ಹೋಗುವಾಗ ರಿಜಿಸ್ಟರ್‌ನ ಒಂದು ಪ್ರತಿಯನ್ನು ಬರುವ ಮಾಸ್ತರರಿಗೆ ಕೊಟ್ಟು, ಫರಸಿ ಎಲ್ಲೆಲ್ಲಿ ಹುಗಿದಿದೆ ತೋರಿಸಿ ಹೋಗಿರಿ.

ಎರಡು ವಿಷಯದಲ್ಲಿ ಜೀವಮಾನವಿಡೀ ಹಟ ಹಿಡಿಯಬೇಕು. ವಯಸ್ಸಿನ ದಾಖಲೆಯಲ್ಲಿ ಒಂದು ದಿನವೂ ಸುಳ್ಳು ಬೇಡ. ಮುಂದೆ ಕೈ ಎಲುಬಿನ ಎಕ್ಸ್‌ರೇ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಮಗು. ಜಿಮ್‌ನವರು, ಮೆಡಿಕಲ್ ಷಾಪಿನವರು ‘ತಾಕತ್ತಿಗೆ’ ಅಂತ ಕೊಡುವ ಗುಳಿಗೆ, ಇಂಜೆಕ್ಷನ್ ಯಾವುದೂ ಮೈದಾನದ ಹತ್ತಿರ ಬರಬಾರದು. ನಿಷೇಧಿತ ಮದ್ದು ಮೈಯಲ್ಲಿ ಸಿಕ್ಕರೆ ‘ಗೊತ್ತಿರಲಿಲ್ಲ’ ಅನ್ನುವುದು ನಡೆಯುವುದಿಲ್ಲ. ಕೆಮ್ಮು-ನೆಗಡಿಯ ಔಷಧಿಗೂ ಕೇಳಿ ಕೊಡಬೇಕು, ಏನು ಕೊಟ್ಟಿರೆಂದು ಬರೆದಿಡಬೇಕು.

ಈಗ ಆ ಹುಡುಗಿ. 5, 10 ಕಿ.ಮೀ. ರಸ್ತೆ ಓಟ ಬೇಡ. 13 ವರ್ಷದ ಕಾಲನ್ನು ಡಾಂಬರಿನ ಮೇಲೆ ಹತ್ತಾರು ಸಾವಿರ ಸಲ ಕುಟ್ಟಿಸಿದರೆ ಒಂದು ಸೀಸನ್ ದುಡ್ಡು ಬರಬಹುದು, ಮರುವರ್ಷ ಮುಂಗಾಲು ನೋವು ಬರುತ್ತದೆ. 400ರಲ್ಲಿ 66 ಬರುತ್ತಿರುವುದು ಆಕೆಯ ಕಾಲಲ್ಲಿ ವೇಗ ಇದೆ ಅನ್ನುವುದಕ್ಕೆ ಗುರುತು. ಆ ವೇಗ ಬೆಳೆಯುವ ವಯಸ್ಸು ಇದೇ. ದುಡ್ಡಿನ ತ್ರಾಸು ಮನೆಯಲ್ಲಿ ನಿಜವಾಗಿ ಇದ್ದರೆ ಊರವರಿಗೆ ಹೇಳಿ: ಬಹುಮಾನದ ಮೊತ್ತವನ್ನು ಊರೇ ಕೂಡಿಸಿ ಒಂದು ಜೊತೆ ಬೂಟು, ದಿನಕ್ಕೆ ಎರಡು ಮೊಟ್ಟೆ, ಕೂಟದ ಬಸ್ ಚಾರ್ಜಿಗೆ ಕೊಡಲಿ. ಈ ವರ್ಷ ಆಕೆಗೆ 60, 200, ಉದ್ದ ಜಿಗಿತ ಮಾಡಿಸಿ. 400 ಮೀಟರ್ ಓಟ ಕೂಟಗಳಲ್ಲಿ ಮಾತ್ರ. ವಲಯ, ತಾಲ್ಲೂಕು, ಜಿಲ್ಲೆ ಅಂತ ಅಷ್ಟೇ ಸಾಕಷ್ಟಾಗುತ್ತದೆ.

ಹಾಸ್ಟೆಲ್‌ಗೆ ಅವಸರ ಇಲ್ಲ, ವಿರೋಧವೂ ಬೇಡ. ಒಂದು ವರ್ಷ ಎತ್ತರದ ಗುರುತು ನೋಡಿ, ಬೆಳವಣಿಗೆಯ ಜೋರು ಇಳಿದ ಮೇಲೆ ಆಯ್ಕೆ ಪರೀಕ್ಷೆಗೆ ಕರೆದುಕೊಂಡು ಹೋಗಿರಿ. ಅದಕ್ಕೆ ಮುಂಚೆ ತಂದೆತಾಯಿಯನ್ನು ಹಾಸ್ಟೆಲ್ ತೋರಿಸಲು ಕರೆದೊಯ್ದು, ವಾರ್ಡನ್ ಹೆಂಗಸೇ, ರಾತ್ರಿ ಯಾರಿರುತ್ತಾರೆ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ಹುಷಾರಿಲ್ಲದಾಗ ಯಾವ ಆಸ್ಪತ್ರೆ ಅಂತ ಅವರ ಎದುರಿಗೇ ಕೇಳಿ. ಆಯ್ಕೆಯಾದ ದಿನ ಆಕೆಯ ಕೈಯಲ್ಲಿ ರಿಜಿಸ್ಟರ್‌ನ ಪುಟಗಳ ಜೆರಾಕ್ಸ್ ಕೊಟ್ಟು ಕಳಿಸಿ, ಮೇಲೆ ಒಂದು ಹಾಳೆ ಲಗತ್ತಿಸಿ. ಹುಟ್ಟಿದ ತಾರೀಖು, ಒಂದೂವರೆ ವರ್ಷದ ಎತ್ತರ, ತೂಕ, 30, 60, 200, 400ರ ಟೈಮಿಂಗ್, ಯಾವ ನೆಲದ ಮೇಲೆ, ಕೈ ಗಡಿಯಾರದ್ದು ಅಂತ, ವಾರಕ್ಕೆ ಎಷ್ಟು ದಿನ, ಎಷ್ಟು ಕೆಲಸ ರೂಢಿಯಿದೆ, ಎಲ್ಲಿ ಪೆಟ್ಟಾಗಿತ್ತು, ಎಷ್ಟು ದಿನಕ್ಕೆ ವಾಸಿಯಾಯಿತು, ಹಿಮೋಗ್ಲೋಬಿನ್ ಎಷ್ಟು. ಇಲ್ಲಿ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದವಳನ್ನು ಅಲ್ಲಿ ಹೋದ ಮೊದಲ ವಾರವೇ ಬೆಳಿಗ್ಗೆ-ಸಂಜೆ ಆರು ದಿನ ಓಡಿಸಿದರೆ ಆ ತಿಂಗಳೊಳಗೇ ಕಾಲು ಹಿಡಿಯುತ್ತದೆ, ಆದ್ದರಿಂದ ‘ಆರು ವಾರದಲ್ಲಿ ನಿಧಾನಕ್ಕೆ ಏರಿಸಬೇಕಾಗಿ ವಿನಂತಿ’ ಅನ್ನುವ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ, ಹದಿನೈದು ದಿನ ಬಿಟ್ಟು ಅಲ್ಲಿನ ಕೋಚ್‌ಗೆ ನೀವೇ ಒಂದು ಫೋನ್ ಮಾಡಿ.